ಜೊತೆಗಾರರ ಟಿಕೆಟ್

ತಿಂಗಳಿಗೆ ಮೂರು ಸಲ ವಿಮಾನ ಹತ್ತುವ ಮನುಷ್ಯನೊಬ್ಬ ಬೈಯಪ್ಪನಹಳ್ಳಿಯ ರೈಲು ಹಳಿಯ ಪಕ್ಕದ ವಠಾರದಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ವಠಾರದ ಒಡತಿ ಪಿಳ್ಳಮ್ಮನೂ ನಂಬಿರಲಿಲ್ಲ. ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಬೋರ್ಡಿಂಗ್ ಪಾಸಿನ ತುಂಡು ಸಿಕ್ಕಾಗ ಅದನ್ನು ಎತ್ತಿ ಹಿಡಿದು, "ಏನಪ್ಪಾ ಹುಲಿಗೆಪ್ಪ, ನೀನೇನು ಮಿನಿಸ್ಟ್ರ ಅಳಿಯಾನಾ?" ಎಂದು ಎಲ್ಲರೆದುರು ಕೇಳಿದ್ದಳು. ಅವನು ತನ್ನ ಕೆಲಸ ಏನೆಂದು ಹೇಳಿದ ಮೇಲೆ ಆ ತುಂಡನ್ನು ಕೆಳಗೆ ಹಾಕಿ ಕೈ ತೊಳೆದುಕೊಂಡಳು.

ಹುಲಿಗೆಪ್ಪ ಹೆಣಗಳ ಜೊತೆ ಹೋಗುತ್ತಿದ್ದ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಬಂಗಾಳ, ಅಸ್ಸಾಂ, ತ್ರಿಪುರಾದಿಂದ ಜನ ರೈಲು ತುಂಬಿ ಬರುತ್ತಾರೆ. ಗುಣವಾದವರು ಬಂದ ಹಾಗೆಯೇ ರೈಲಿನಲ್ಲಿ ಮರಳುತ್ತಾರೆ. ಆಗದವರು ವಿಮಾನದಲ್ಲಿ ಹೋಗುತ್ತಾರೆ, ಪೆಟ್ಟಿಗೆಯಲ್ಲಿ, ಲಗೇಜಿನ ಜಾಗದಲ್ಲಿ. ಜೊತೆಗೆ ಬಂದ ಬಂಧುವಿಗೆ ಅಳಲೂ ಪುರಸೊತ್ತಿರುವುದಿಲ್ಲ. ಮರಣಪತ್ರ, ಪೊಲೀಸರ ಪತ್ರ, ಹೆಣ ಕೆಡದಂತೆ ಔಷಧಿ ಹಾಕಿದ್ದಕ್ಕೊಂದು ಪತ್ರ, ಪೆಟ್ಟಿಗೆ ಸೋರುವುದಿಲ್ಲ ಎನ್ನುವುದಕ್ಕೊಂದು ಪತ್ರ. ಭಾಷೆ ಬಾರದ ಊರಿನಲ್ಲಿ ಇದನ್ನೆಲ್ಲ ಅವರೆಲ್ಲಿ ಮಾಡಿಯಾರು? ಅದಕ್ಕೆಂದೇ ಶಿವಾಜಿನಗರದಲ್ಲಿ ಆಂಬುಲೆನ್ಸ್ ಇಟ್ಟುಕೊಂಡಿದ್ದ ಇನಾಯತ್ ಉಲ್ಲಾ ಸಾಹೇಬರು ಒಬ್ಬ ಮನುಷ್ಯನನ್ನು ಮನೆಯ ಬಾಗಿಲ ತನಕ ಕಳಿಸಿಕೊಡುತ್ತಿದ್ದರು. ಆ ಮನುಷ್ಯನೇ ಹುಲಿಗೆಪ್ಪ. ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು, ಸಾಹೇಬರ ಕಣ್ಣಿಗೆ ಬಿದ್ದು ಈ ಕೆಲಸಕ್ಕೆ ನಿಂತಿದ್ದ.

ಅವನದೊಂದು ಪದ್ಧತಿಯಿತ್ತು. ಪೆಟ್ಟಿಗೆ ಕಾರ್ಗೋ ಗೇಟಿನೊಳಗೆ ಹೋಗುವ ಮುಂಚೆ ಅದರ ಮೇಲೆ ಅಂಗೈ ಇಟ್ಟು, ಸತ್ತವರ ಹೆಸರು ಹಿಡಿದು ಮೂರು ಸಲ ಕರೆಯುತ್ತಿದ್ದ. "ಊರಿಗೆ ಹೊಂಟೀವಿ, ಬರ್ರಿ." ಪರಸ್ಥಳದಲ್ಲಿ ಜೀವ ಹೋದವರನ್ನು ಹೊರಡುವ ಜಾಗದಲ್ಲೇ ಕರೆಯಬೇಕು, ಕರೆಯದಿದ್ದರೆ ಮೈ ಮಾತ್ರ ಹೋಗುತ್ತದೆ, ಅವರು ಇಲ್ಲೇ ಉಳಿಯುತ್ತಾರೆ ಎಂದು ಅವನ ತಾಯಿ ಹೇಳಿಕೊಟ್ಟಿದ್ದಳು. ಕಾರ್ಗೋದ ಲೋಡರುಗಳಿಗೂ ಇದು ರೂಢಿಯಾಗಿತ್ತು. ಅವನು ಕರೆದು ಮುಗಿಸುವ ತನಕ ಟ್ರಾಲಿ ತಳ್ಳುತ್ತಿರಲಿಲ್ಲ. ಸಾಹೇಬರಿಗೂ ಗೊತ್ತಿತ್ತು. ಅವರದು ಬೇರೆ ನಂಬಿಕೆಯಾದರೂ ಒಂದು ದಿನವೂ ಆಡಿಕೊಂಡವರಲ್ಲ.

ಮನೆಯಲ್ಲಿ ಹೆಂಡತಿ ಜಟ್ಟೆಮ್ಮ. ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿರಲಿಲ್ಲ. ಹಲಸೂರಿನ ದೇವಸ್ಥಾನಗಳಿಗೆಲ್ಲ ಹರಕೆ ಹೊತ್ತು, ಶಿವಾಜಿನಗರದ ಆಸ್ಪತ್ರೆಗೆ ತಿರುಗಿ, ಕೊನೆಗೆ ಆ ಮಾತನ್ನೇ ಬಿಟ್ಟಿದ್ದಳು. ಈಗ ಅವಳಿಗಿದ್ದದ್ದು ಒಂದೇ ಆಸೆ, ಗಂಡ ಹತ್ತುವ ವಿಮಾನವನ್ನು ತಾನೂ ಹತ್ತಬೇಕು. ಮಹಡಿಯ ಮೇಲೆ ಬಟ್ಟೆ ಹರವುವಾಗ ದೂರದಲ್ಲಿ ಇಳಿಯುವ ವಿಮಾನ ಕಂಡರೆ ಸಾಕು, ಹಿಂಡಿದ ಸೀರೆ ಕೈಯಲ್ಲೇ ಉಳಿಯುತ್ತಿತ್ತು. "ಮೋಡ ಕೆಳಗ ಇರ್ತಾವಂತಲ್ರಿ, ಖರೇನ?" ಎಂದು ಪ್ರತಿ ಸಲವೂ ಕೇಳುವಳು. ಅವನು ಪ್ರತಿ ಸಲವೂ ಹೇಳುವನು. ಹೇಳಿ ಹೇಳಿ ಅವನಿಗೇ ಪಾಪ ಅನ್ನಿಸುತ್ತಿತ್ತು.

ಹೀಗಿರುವಾಗ ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಹಳೆಯ ವಿಮಾನ ನಿಲ್ದಾಣದ ಬಾಗಿಲ ಬಳಿ ಹಂಸ ಅವನನ್ನು ಹಿಡಿದಳು. ಬಾಣಸವಾಡಿಯ ಹುಡುಗಿ, ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಮಾಡಿಸುವ ಏಜೆನ್ಸಿಯ ಕೆಲಸ, ಒಂದು ಸಣ್ಣ ಮೇಜು, ಒಂದು ಛತ್ರಿ, ಕಾಲು ನೋವು. ಸೂಟಿನವರು ಯಾರೂ ನಿಲ್ಲುತ್ತಿರಲಿಲ್ಲ. ಹುಲಿಗೆಪ್ಪ ನಿಂತ.

"ಸಾರ್, ನಿಮ್ಮನ್ನ ಆಗಾಗ ನೋಡ್ತೀನಿ. ಫ್ರೀಕ್ವೆಂಟ್ ಫ್ಲೈಯರ್ ನೀವು! ಇಷ್ಟೊಂದು ಓಡಾಡ್ತೀರಾ, ಒಂದ್ ಪಾಯಿಂಟೂ ತಗೊಂಡಿಲ್ವಾ? ಅಯ್ಯೋ, ಹೊಟ್ಟೆ ಉರಿಯುತ್ತೆ ಸಾರ್ ನಂಗೆ."

"ಪಾಯಿಂಟ್ ಅಂದ್ರ ಏನವ್ವ?"

ಹಂಸ ಕೂರಿಸಿ ಹೇಳಿದಳು. ವಿಮಾನ ಹತ್ತಿದಷ್ಟೂ ಪಾಯಿಂಟು ಬರುತ್ತದೆ. ಟಿಕೆಟ್ಟನ್ನು ಕಾರ್ಡಿನಲ್ಲಿ ತೆಗೆದರೆ ಇನ್ನೂ ಹೆಚ್ಚು. ಸಾಹೇಬರು ಟಿಕೆಟ್ಟಿಗೆ ಕೊಡುವ ನಗದನ್ನು ಬ್ಯಾಂಕಿಗೆ ಕಟ್ಟಿ, ಟಿಕೆಟ್ಟನ್ನು ಕಾರ್ಡಿನಲ್ಲಿ ತೆಗೆದರಾಯಿತು, ಕೈಯಿಂದ ಬಿಡಿಗಾಸೂ ಹೋಗುವುದಿಲ್ಲ. ಸಂಬಳದ ಚೀಟಿಯ ಬದಲಿಗೆ ಸಾಹೇಬರ ಒಂದು ಪತ್ರ ಸಾಕು. ಆಮೇಲೆ ಮೇಜಿನ ಮೇಲೆ ಮೂರು ಬಣ್ಣದ ಕಾಗದ ಹರಡಿದಳು. ನೀಲಿಯದರಲ್ಲಿ ಲೌಂಜು: ವಿಮಾನ ತಡವಾದರೆ ಮೆತ್ತನೆ ಕುರ್ಚಿ, ಪುಕ್ಕಟೆ ತಿಂಡಿ. ಕೆಂಪಿನದರಲ್ಲಿ ಪಾಯಿಂಟು ಬೇಗ ಬೆಳೆಯುತ್ತದೆ, ಆದರೆ ಎರಡು ವರ್ಷದಲ್ಲಿ ಸತ್ತುಹೋಗುತ್ತದೆ. ಹಳದಿಯದರಲ್ಲಿ ಪಾಯಿಂಟು ಕಡಿಮೆ, ಆದರೆ ಖರ್ಚು ಇಷ್ಟು ಆಯಿತೆಂದರೆ ವರ್ಷಕ್ಕೊಂದು ಜೊತೆಗಾರರ ಟಿಕೆಟ್: ನೀವು ಒಂದು ತಗೊಳ್ಳಿ, ಜೊತೆಯವರದು ಪುಕ್ಕಟೆ.

"ಲೌಂಜಿನ್ಯಾಗ ನಾ ಹ್ಯಾಂಗ ಕೂಡ್ಲಿ? ನಮ್ಮವರು ಕಾರ್ಗೋದಾಗ ಬಿಸಿಲಿಗೆ ಇರ್ತಾರ," ಎಂದ ಹುಲಿಗೆಪ್ಪ.

"ಹಾಗಾದ್ರೆ ನಿಮ್ ಜೊತೆ ಯಾವಾಗ್ಲೂ ಯಾರೋ ಇರ್ತಾರೆ ಅನ್ನಿ. ಹಳದಿದೇ ಕರೆಕ್ಟು ಸಾರ್."

"ಇರ್ತಾರ. ಆದ್ರ ಸೀಟಿನ್ಯಾಗ ಕೂಡಂಗಿಲ್ಲ."

ಹಂಸಳಿಗೆ ಅರ್ಥವಾಗಲಿಲ್ಲ, ನಕ್ಕಳು. ಅವನು ಅರ್ಥ ಮಾಡಿಸಲೂ ಹೋಗಲಿಲ್ಲ.

ಮೂರೂ ಕಾಗದ ಮನೆಗೆ ಬಂದವು. ಗಂಡಹೆಂಡಿರು ಮೂರು ವಾರ ಅವನ್ನು ನೆಲದ ಮೇಲೆ ಹರಡಿಕೊಂಡು ಕೂತರು. ಹೆಣ್ಣು ನೋಡುವಾಗಲೂ ಹುಲಿಗೆಪ್ಪ ಇಷ್ಟು ಯೋಚಿಸಿರಲಿಲ್ಲ. ಅವನ ಮನಸ್ಸು ಕೆಂಪಿನ ಕಡೆಗಿತ್ತು. ಪಾಯಿಂಟು ಬೇಗ ಕೂಡಿದರೆ ಹೆಂಡತಿಯನ್ನು ಬೇಗ ಕರೆದೊಯ್ಯಬಹುದಲ್ಲ ಎಂಬ ಲೆಕ್ಕ. ಜಟ್ಟೆಮ್ಮ ಓದಲು ಬಾರದಿದ್ದರೂ ಹಳದಿಯ ಮೇಲೆ ಬೆರಳಿಟ್ಟಳು. ಅದರ ಮೇಲೆ ಇಬ್ಬರು ಪಕ್ಕಪಕ್ಕ ಕೂತ ಚಿತ್ರವಿತ್ತು. "ಇದರಾಗ ಇಬ್ರದಾರ. ಇದ ಇರ್ಲಿ," ಎಂದಳು. ಅಲ್ಲಿಗೆ ಆಯ್ಕೆ ಮುಗಿಯಿತು.

ಸಾಹೇಬರು ಮಾತ್ರ ಪತ್ರ ಬರೆದುಕೊಡುವಾಗ ಗೊಣಗಿದರು. "ನೋಡು ಹುಲಿಗೆಪ್ಪ, ಮಯ್ಯತ್ ಕೆಲಸಕ್ಕೆ ಕೂಲಿ ತಗೋಳೋದು ತಪ್ಪಲ್ಲ, ನಾನೂ ತಗೋತೀನಿ. ಆದ್ರೆ ಇದು ಇನಾಮು ಅಲ್ವಾ? ಸತ್ತೋರ ಮೇಲೆ ಇನಾಮು ಬ್ಯಾಡಾಗಿತ್ತು ಕಣೋ." ಹಾಗೆಂದರೂ ಸಾಹೇಬರು ಸಹಿ ಹಾಕಿದರು.

ಫಾರಂ ತುಂಬಿದ ದಿನವೇ ಆ ಮಗುವಿನ ಪೆಟ್ಟಿಗೆಯಿತ್ತು.

ಮಾಂಪಿ ಎಂದು ಹೆಸರು. ಅಗರ್ತಲಾ ಕಡೆಯ ಹುಡುಗಿ, ಮೂರೂವರೆ ವರ್ಷ. ಹೃದಯದಲ್ಲಿ ತೂತು. ತಂದೆ ನಿತಾಯಿ, ಸೈಕಲ್ ರಿಕ್ಷಾ ತುಳಿಯುವವನು, ಒಬ್ಬನೇ ಕರೆತಂದಿದ್ದ. ತಾಯಿ ಊರಲ್ಲೇ ಇದ್ದಳು. ಆಪರೇಶನ್ ಆಗಿ ನಾಲ್ಕನೇ ದಿನ ಮಗು ಹೋಯಿತು. ಪೆಟ್ಟಿಗೆ ಎಷ್ಟು ಸಣ್ಣದೆಂದರೆ ಲೋಡರುಗಳು ಟ್ರಾಲಿ ಬೇಡವೆಂದು ಕೈಯಲ್ಲೇ ಎತ್ತಿಕೊಂಡರು. ಆ ಹೊತ್ತಿಗೆ ಹಂಸ ಫಾರಂ ಹಿಡಿದು ಕಾರ್ಗೋ ಗೇಟಿನ ತನಕ ಓಡಿಬಂದಳು. ಅವತ್ತು ಅವಳ ತಿಂಗಳ ಟಾರ್ಗೆಟ್ಟಿನ ಕಡೆಯ ದಿನ. "ಸಾರ್, ಮೂರೇ ಸೈನು, ಪ್ಲೀಸ್!" ಹುಲಿಗೆಪ್ಪನಿಗೆ ಸಹಿ ಎಂದರೆ ದೊಡ್ಡ ಕೆಲಸ. ಮೂರೂ ಒಂದೇ ಥರ ಬರಬೇಕೆಂದು ಹಂಸ ಹೇಳಿದ್ದಳು. ಗೋಡೆಗೆ ಕಾಗದ ಒತ್ತಿ, ನಾಲಿಗೆ ಕಚ್ಚಿಕೊಂಡು, ಮೂರನೆಯದರ ಕೊನೆಯ ಒತ್ತು ಎಳೆದು ತಿರುಗಿ ನೋಡುವಷ್ಟರಲ್ಲಿ ಗೇಟು ಮುಚ್ಚಿತ್ತು. ಲೋಡರುಗಳು ಅಂದು ಹೊಸಬರು.

ವಿಮಾನ ಮೇಲೆದ್ದ ಮೇಲೆ ಅವನಿಗೆ ನೆನಪಾಯಿತು. ಕರೆದಿಲ್ಲ! ಪಕ್ಕದಲ್ಲಿ ನಿತಾಯಿ ಕಣ್ಣು ಮುಚ್ಚಿ ಕೂತಿದ್ದ. ಅವನಿಗೆ ಹೇಳುವುದಾದರೂ ಹೇಗೆ? ಕೋಲ್ಕತ್ತದಲ್ಲಿ ವಿಮಾನ ಬದಲಿಸುವಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕರೆದ. ಪ್ರಯೋಜನವಿಲ್ಲವೆಂದು ಗೊತ್ತಿದ್ದೇ ಕರೆದ. ಅಗರ್ತಲಾದ ಆಚೆ, ತಗಡಿನ ಮನೆಯ ಅಂಗಳದಲ್ಲಿ ಪೆಟ್ಟಿಗೆ ಇಳಿಸಿದಾಗ ತಾಯಿ ಹತ್ತಿರ ಬಂದು, ಮುಚ್ಚಳ ತೆಗೆಸಿ, ಮಗಳ ಮುಖ ನೋಡಿ ಏನೋ ಹೇಳಿದಳು. ನಿತಾಯಿ ಅದನ್ನು ಹಿಂದಿಯಲ್ಲಿ ತಿರುಗಿಸಿ ಹೇಳಿದ. "ಇದರಲ್ಲಿ ಅವಳಿಲ್ಲ ಅಂತಿದಾಳೆ."

ಮಗು ಕಳೆದುಕೊಂಡವರು ಯಾರು ಬೇಕಾದರೂ ಹಾಗನ್ನುತ್ತಾರೆ. ಹುಲಿಗೆಪ್ಪನಿಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ.

ಬೆಂಗಳೂರಿಗೆ ಮರಳಿದವನು ಹೆಂಡತಿಗೆ ಏನೂ ಹೇಳಲಿಲ್ಲ. ಎಂಟು ದಿನ ಕಳೆಯಿತು. ಮಧ್ಯಾಹ್ನ ಉಣ್ಣಲು ಕೂತಿದ್ದಾಗ ಜಟ್ಟೆಮ್ಮ ರೊಟ್ಟಿ ಹಾಕುತ್ತ, "ಅಲ್ರಿ, ಜೊಲ್ ಅಂದ್ರ ಏನು?" ಎಂದು ಕೇಳಿದಳು.

ಎತ್ತಿದ ತುತ್ತನ್ನು ಅವನು ತಟ್ಟೆಗೇ ಇಟ್ಟ. ಆಸ್ಪತ್ರೆಯ ವರಾಂಡದಲ್ಲಿ ಆ ಮಾತನ್ನು ಅವನು ಸಾವಿರ ಸಲ ಕೇಳಿದ್ದ. ಬಂಗಾಳಿಗಳು ನೀರಿಗೆ ಹಾಗನ್ನುತ್ತಾರೆ. "ಎಲ್ಲಿ ಕೇಳಿದಿ?"

"ಎಲ್ಲೂ ಇಲ್ಲ. ಕಿವ್ಯಾಗ ಬಿದ್ದಂಗಾತು."

ಆಮೇಲೆ ಅವನಿಗೂ ತಿಳಿಯತೊಡಗಿತು. ಬಾಯಿ ಮುಚ್ಚಿಟ್ಟ ಬಿಂದಿಗೆಯ ತಟ್ಟೆ ಸರಿದಿರುತ್ತಿತ್ತು. ಗಟ್ಟಿ ಬಿಸಿಲಲ್ಲಿ, ಹೊರಗೆ ಗೂಡ್ಸ್ ಗಾಡಿ ಹೋಗುತ್ತಿರುವಾಗ, ಮೂಲೆಯಲ್ಲಿ ಯಾರೋ ಸಣ್ಣಗೆ ಬಿಕ್ಕುವುದು ಕೇಳುತ್ತಿತ್ತು. ಗಾಡಿ ಹೋದ ಮೇಲೆ ಅದೂ ಇರುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂತರೆ ಅಂಗಿಯ ತುದಿ ಹಿಡಿದಂತಾಗುತ್ತಿತ್ತು. ಅವನಿಗೆ ಭಯವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಇನ್ನೂರಕ್ಕೂ ಹೆಚ್ಚು ಜನರನ್ನು ಊರು ಮುಟ್ಟಿಸಿದವನು ಒಂದು ಕೂಸನ್ನು ದಾರಿಯಲ್ಲಿ ಬಿಟ್ಟಿದ್ದ, ಅದೂ ಒಂದು ಹಳದಿ ಕಾರ್ಡಿಗಾಗಿ. ಕಾರ್ಡು ಅಂಚೆಯಲ್ಲಿ ಬಂದಾಗ ಲಕೋಟೆ ಒಡೆಯಲು ಎರಡು ದಿನ ತೆಗೆದುಕೊಂಡ.

ಮುಂದಿನ ಸಲ ಗುವಾಹಟಿಯ ಮುದುಕರೊಬ್ಬರ ಪೆಟ್ಟಿಗೆ ಹೊರಟಾಗ, ಅವರನ್ನು ಕರೆದ ಮೇಲೆ ಮೆಲ್ಲಗೆ ಮಾಂಪಿಯನ್ನೂ ಕರೆದು ನೋಡಿದ. ಮರಳಿ ಮನೆಗೆ ಬಂದರೆ ಬಿಂದಿಗೆಯ ತಟ್ಟೆ ಸರಿದೇ ಇತ್ತು. ಗುರುತಿಲ್ಲದ ಮುದುಕನ ಪೆಟ್ಟಿಗೆಯ ಹಿಂದೆ ಯಾವ ಮಗು ಬಂದೀತು, ಹೇಳಿ? ಸಾಹೇಬರ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಇನಾಯತ್ ಉಲ್ಲಾ ಮುಂದಿದ್ದ ರಸೀದಿ ಪುಸ್ತಕ ಮುಚ್ಚಿದರು. ಆಮೇಲೆ, "ಬೇರೆ ಯಾರ ಜೊತೇನೂ ಬ್ಯಾಡ. ಅದಕ್ಕೇ ಅಂತ ಹೋಗಿ, ಅದರ ಅಮ್ಮೀಜಾನ್ ಕೈಗೆ ಕೊಟ್ಟು ಬಾ," ಎಂದರು.

ಅದಕ್ಕೇ ಅಂತ ಹೋಗಲು ಒಂದೇ ದಾರಿಯಿತ್ತು, ಜೊತೆಗಾರರ ಟಿಕೆಟ್. ಕಾರ್ಡಿನಲ್ಲಿ ಸಾಹೇಬರ ಟಿಕೆಟ್ಟುಗಳನ್ನು ತೆಗೆಯುತ್ತ ಹೋದ. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಜೊತೆಗಾರರ ಟಿಕೆಟ್ಟಿನ ಹಕ್ಕುಪತ್ರ ಅಂಚೆಯಲ್ಲಿ ಬಂತು. ಜೊತೆಗಾರರ ಹೆಸರು ಬರೆದು ಕಳಿಸಬೇಕು, ಒಮ್ಮೆ ಬರೆದರೆ ಬದಲಿಸುವಂತಿಲ್ಲ. ಪೆಟ್ಟಿಗೆ ಇದ್ದವರು ಪೆಟ್ಟಿಗೆಯ ಜೊತೆ ಹೋಗುತ್ತಾರೆ; ಪೆಟ್ಟಿಗೆಯೂ ಇಲ್ಲದವಳಿಗೆ ಒಂದು ಸೀಟಾದರೂ ಬೇಡವೇ? ಮಾಂಪಿಯ ಹೆಸರನ್ನೇ ಬರೆಯಬೇಕೆಂದು ಹುಲಿಗೆಪ್ಪ ಯೋಚಿಸಿದ್ದ. ಹೆಂಡತಿಗೆ ಹೇಗೆ ಹೇಳಲಿ ಎಂಬ ಸಂಕಟದಲ್ಲೇ ಮನೆಯ ಬಾಗಿಲಿಗೆ ಬಂದರೆ ಒಳಗೆ ಜಟ್ಟೆಮ್ಮ ಮಾತಾಡುತ್ತಿದ್ದಳು.

"ತಡಿ ನನ್ನವ್ವ, ಬಿಸಿ ಐತಿ, ಆರ್ಲಿ. ಗಂಗವ್ವ ಶಾಣ್ಯಾಕಿ, ಅಳಂಗಿಲ್ಲ."

ಬಾಗಿಲು ತಳ್ಳಿದ. ಅವಳು ಗೋಡೆಗೆ ಒರಗಿ ಒಬ್ಬಳೇ ಕೂತಿದ್ದಳು. ಮುಂದೆ ಸಣ್ಣ ಲೋಟದಲ್ಲಿ ಹಾಲು. ಮುಖದಲ್ಲಿ ಹನ್ನೆರಡು ವರ್ಷದಿಂದ ಅವನು ಕಾಣದಿದ್ದ ಕಳೆ. ಹುಲಿಗೆಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಎಲ್ಲವನ್ನೂ ಹೇಳಿದ, ಪೆಟ್ಟಿಗೆ, ಮೂರು ಸಹಿ, ಮುಚ್ಚಿದ ಗೇಟು, ತಾಯಿಯ ಮಾತು. "ನಿಂಗಂತ ಇಟ್ಟಿದ್ದ ಟಿಕೆಟ್ ಐತಿ ಇದು. ಆದ್ರ ಆಕಿನ್ನ ಮುಟ್ಟಿಸಬೇಕು ಜಟ್ಟೆವ್ವ. ಹೆತ್ತಾಕಿ ಅಲ್ಲಿ ಕಾಯಾಕತ್ತಾಳ."

ಜಟ್ಟೆಮ್ಮ ಜಗಳವಾಡಲಿಲ್ಲ. ಹಾಲಿನ ಲೋಟ ನೋಡುತ್ತ ಕೂತಳು. ಕೊನೆಗೆ, "ನನ್ನ ಹೆಸರ ಬರೀರಿ. ಗಂಡಸರ ಹಿಂದ ಕೂಸು ಬರಂಗಿಲ್ಲ. ನಾ ಕರಕೊಂಡು ಬರ್ತೀನಿ," ಎಂದಳು. ಹುಲಿಗೆಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಂಥ ಹೆಂಡತಿ ಎಷ್ಟು ಜನಕ್ಕೆ ಸಿಕ್ಕಾಳು ಎಂದು ಕಣ್ಣೊರೆಸಿಕೊಂಡ.

ಹೊರಡುವ ಬೆಳಿಗ್ಗೆ ಅವಳು ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ಮುಖ ಮಾಡಿ ಕೈ ಚಾಚಿದಳು. "ಮಾಂಪಿ ಅಂತ ಕರಿ," ಎಂದು ಅವನು ನೆನಪಿಸಿದ. ಅವಳು ಕೇಳಿಸಿಕೊಳ್ಳಲಿಲ್ಲ, ಕೂಸಿಗೆ ತಾನಿಟ್ಟ ಹೆಸರನ್ನೇ ಹಿಡಿದಳು. "ಬಾ ಗಂಗವ್ವ, ಬಾ, ನನ್ನ ಬಂಗಾರ," ಎಂದು ಮೂರು ಸಲ ಕರೆದು, ಸೊಂಟ ಓರೆ ಮಾಡಿಕೊಂಡು, ಭಾರ ಎತ್ತಿದವಳಂತೆ ನಿಧಾನಕ್ಕೆ ಎದ್ದಳು. ಹುಲಿಗೆಪ್ಪ ಆಗಲೇ ಏನಾದರೂ ಹೇಳಬಹುದಿತ್ತು. ಆಟೋ ಕಾಯುತ್ತಿತ್ತು, ಹೇಳಲಿಲ್ಲ.

ವಿಮಾನದಲ್ಲಿ ಕಿಟಕಿಯ ಸೀಟನ್ನು ಅವಳಿಗೇ ಬಿಟ್ಟ. ಮೋಡಗಳೆಲ್ಲ ಕೆಳಗೆ ಬಂದಾಗ, "ನೋಡ, ನೋಡ," ಎಂದು ಭುಜ ಮುಟ್ಟಿದ. ಜಟ್ಟೆಮ್ಮ ತಿರುಗಿಯೂ ನೋಡಲಿಲ್ಲ. ಸೆರಗಿನಿಂದ ತೊಡೆ ಮುಚ್ಚಿಕೊಂಡು, ಮೆಲ್ಲಗೆ ತಟ್ಟುತ್ತ, ಕೋಲ್ಕತ್ತದಲ್ಲಿ ವಿಮಾನ ಬದಲಿಸಿದ ಮೇಲೂ, ಅಗರ್ತಲಾ ತನಕ ಹಾಗೇ ಕೂತಳು.

ನಿತಾಯಿಗೆ ಮುಂಚೆಯೇ ಫೋನ್ ಮಾಡಿಸಿದ್ದ. ಅಂಗಳದಲ್ಲಿ ಚಾಪೆ ಹಾಸಿದ್ದರು. ಹುಲಿಗೆಪ್ಪ ತನ್ನ ಹರಕು ಹಿಂದಿಯಲ್ಲಿ, ತಲೆ ಎತ್ತದೆ, ತಪ್ಪೊಪ್ಪಿಕೊಂಡ. ಅವತ್ತು ಕರೆಯಲಿಲ್ಲ ಭಾಯಿ, ಮರೆತೆ, ಮಗು ನಮ್ಮಲ್ಲೇ ಉಳಿಯಿತು, ಇವತ್ತು ಕರೆದುಕೊಂಡು ಹೊರಟೆವು. ಬೈಯಲಿ, ಹೊಡೆಯಲಿ ಎಂದು ಕಾದ. ನಿತಾಯಿ ಹೊಡೆಯಲಿಲ್ಲ. ಹೆಂಡತಿಯ ಕಡೆ ತಿರುಗಿ ಎರಡು ಮಾತು ಹೇಳಿದ.

ತಾಯಿ ಎದ್ದು ಬಂದಳು. ಹುಲಿಗೆಪ್ಪನನ್ನು ದಾಟಿ ನೇರ ಜಟ್ಟೆಮ್ಮನ ಮುಂದೆ ನಿಂತಳು. ಅವಳ ಓರೆ ಸೊಂಟವನ್ನು ನೋಡಿದಳು, ಬಳಸಿದ್ದ ಕೈಯನ್ನು ನೋಡಿದಳು. ಯಾರೂ ಏನೂ ಹೇಳಿಕೊಡದೆ ತನ್ನ ಎರಡೂ ಕೈಗಳನ್ನು ಚಾಚಿದಳು.

ಜಟ್ಟೆಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಇಲ್ಲವ್ವ," ಎಂದಳು. "ಕರದ್ವಿ. ಬರ್ಲಿಲ್ಲ ಆಕಿ."

ಕನ್ನಡ ತಿಳಿಯದ ತಾಯಿ ಕೈ ಚಾಚಿಕೊಂಡೇ ಹುಲಿಗೆಪ್ಪನ ಕಡೆ ನೋಡಿದಳು. ಈಗ ಅದನ್ನು ಹೇಳಬೇಕಾದವನು ಅವನು. ಅಯ್ಯೋ, ಎಂಥ ಗಳಿಗೆ ಅದು! ಒಂದೇ ಮಾತು ಸಾಕಿತ್ತು, ಸುಳ್ಳು ಹೇಳುತ್ತಿದ್ದಾಳೆ, ತಗೋ ತಾಯಿ ನಿನ್ನ ಮಗಳನ್ನ ಎಂದರೆ ಮುಗಿಯುತ್ತಿತ್ತು. ಹೆಂಡತಿಯ ಮುಖ ನೋಡಿದ. ಅವಳು ಬೇಡಿಕೊಳ್ಳುತ್ತಲೂ ಇರಲಿಲ್ಲ, ಹೆದರಿಸುತ್ತಲೂ ಇರಲಿಲ್ಲ. ತಾಯಿಯಾದವಳು ನೋಡುವ ಹಾಗೆ ನೋಡುತ್ತಿದ್ದಳು.

"ನಹೀ ಆಯೀ," ಎಂದ ಹುಲಿಗೆಪ್ಪ.

ಚಾಚಿದ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಅವಳು ಒಳಗೆ ಹೋಗಿ ಚಹಾ ಮಾಡಿ ತಂದಳು, ದೂರದಿಂದ ಬಂದವರಲ್ಲವೇ. ಜಟ್ಟೆಮ್ಮ ಒಂದೇ ಕೈಯಲ್ಲಿ ಲೋಟ ಹಿಡಿದು, ನಿಂತೇ ಕುಡಿದಳು. ಹೊರಡುವಾಗ ನಿತಾಯಿ ಹುಲಿಗೆಪ್ಪನ ಕೈ ಹಿಡಿದುಕೊಂಡು, "ಇಷ್ಟು ದೂರ ಬಂದಿರಲ್ಲ, ಭಾಯಿ. ಇನ್ನೊಮ್ಮೆ ಕರೆದು ನೋಡಿ, ಬಂದರೂ ಬಂದಾಳು," ಎಂದ.

ಅದಾದ ಮೇಲೂ ಹುಲಿಗೆಪ್ಪ ಕೆಲಸ ಬಿಡಲಿಲ್ಲ. ಹಳೆಯ ನಿಲ್ದಾಣ ಮುಚ್ಚುವ ತನಕವೂ ಹೋಗುತ್ತಿದ್ದ. ಹಳದಿ ಕಾರ್ಡು ಹೇಳಿದ ಮಾತಿಗೆ ತಪ್ಪಲಿಲ್ಲ, ವರ್ಷಕ್ಕೊಂದು ಜೊತೆಗಾರರ ಟಿಕೆಟ್ ಬರುತ್ತಲೇ ಇತ್ತು. ಹೆಸರು ಬರೆಯದೆ ಅವನು ಅದನ್ನು ಟ್ರಂಕಿನ ತಳಕ್ಕೆ ಹಾಕುತ್ತಿದ್ದ. ಮನೆಯೊಳಗೆ ಜಟ್ಟೆಮ್ಮ ನಗುವುದು ಪಿಳ್ಳಮ್ಮನಿಗೂ ಕೇಳುತ್ತಿತ್ತು.

ನಿತಾಯಿ ಈಗ ಅಗರ್ತಲಾ ವಿಮಾನ ನಿಲ್ದಾಣದ ಹೊರಗೆ ರಿಕ್ಷಾ ನಿಲ್ಲಿಸುತ್ತಿದ್ದ. ಆ ಕಡೆಗೆ ಪೆಟ್ಟಿಗೆ ಬಂದಾಗಲೆಲ್ಲ, ಹುಲಿಗೆಪ್ಪ ಬಾಗಿಲಿನಿಂದ ಹೊರಬರುವುದನ್ನೇ ನಿತಾಯಿ ಕಾಯುವನು. ನಮಸ್ಕಾರ ಮಾಡುವನು. ಹುಲಿಗೆಪ್ಪನ ಮುಖ ಬಿಟ್ಟು ಅವನ ಕಾಲುಗಳ ಹಿಂದೆ, ಸಣ್ಣ ಮಗು ನಿಂತರೆ ತಲೆ ಬರುವಷ್ಟು ಎತ್ತರದಲ್ಲಿ ಹುಡುಕುವನು. ಹುಲಿಗೆಪ್ಪ ತಲೆ ಅಲ್ಲಾಡಿಸಿ ಪೆಟ್ಟಿಗೆ ಬಿಡಿಸಿಕೊಳ್ಳಲು ಕಾರ್ಗೋ ಕಡೆಗೆ ಹೋಗುತ್ತಿದ್ದ.